ಏಮ್ಸ್ ಎಂದರೆ ಆಸ್ಪತ್ರೆಯಲ್ಲ

ಎರಡು ಸಂಚಿಕೆಗಳ ಹಿಂದೆ ತಿನಿಸುಗಳ ಬಣ್ಣದ ಬಗ್ಗೆ ಬಂದ ಪ್ರಶ್ನೆಗೆ ಉತ್ತರಿಸುವಾಗ ‘ಇಂಥ ರಾಸಾಯನಿಕಗಳನ್ನು ಮೊದಲು ಏಮ್ಸ್ ಪರೀಕ್ಷೆಗೆ ಒಡ್ಡುತ್ತಾರೆ’ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗಿದ್ದೆ. ಉಳಿದ ಉತ್ತರವನ್ನೆಲ್ಲ ಬಿಟ್ಟು ಆ ಒಂದು ಸಾಲನ್ನೇ ಹಿಡಿದುಕೊಂಡು ಇಷ್ಟೊಂದು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಏಮ್ಸ್ ಪರೀಕ್ಷೆ ದಿಲ್ಲಿಯ ಏಮ್ಸ್ ಆಸ್ಪತ್ರೆಯಲ್ಲಿ ಮಾತ್ರ ಆಗುತ್ತದೆಯೇ, ಬೆಂಗಳೂರಿನಲ್ಲೂ ಮಾಡುತ್ತಾರೆಯೇ? ನಮ್ಮ ತಂದೆಯವರಿಗೆ ಒಮ್ಮೆ ಮಾಡಿಸಬೇಕೆಂದಿದ್ದೇವೆ. (ಓದುಗರು, ತುಮಕೂರು)

ತಪ್ಪು ನನ್ನದು, ಹೆಸರನ್ನು ಬಿಡಿಸಿ ಹೇಳಬೇಕಿತ್ತು. ಈ ಪರೀಕ್ಷೆಗೂ ದಿಲ್ಲಿಯ ಆಸ್ಪತ್ರೆಗೂ ಯಾವ ಸಂಬಂಧವೂ ಇಲ್ಲ. ಇದು ಅಮೆರಿಕದ ಜೀವರಸಾಯನ ವಿಜ್ಞಾನಿ ಬ್ರೂಸ್ ಏಮ್ಸ್ ಅವರ ಹೆಸರು ಹೊತ್ತ ಪರೀಕ್ಷೆ. ಅವರು ಹುಟ್ಟಿದ್ದು 1928ರಲ್ಲಿ ನ್ಯೂಯಾರ್ಕಿನಲ್ಲಿ, ತೀರಿಕೊಂಡಿದ್ದು 2024ರ ಅಕ್ಟೋಬರ್‌ನಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ. ಪರೀಕ್ಷೆಗೆ ಒಳಗಾಗುವುದು ಮನುಷ್ಯನಲ್ಲ, ರಾಸಾಯನಿಕ. ಅದು ಡಿಎನ್‌ಎಯನ್ನು, ಅಂದರೆ ಜೀವಕೋಶದ ವಂಶವಾಹಿ ಬರಹವನ್ನು, ತಿದ್ದಿ ಕೆಡಿಸಬಲ್ಲುದೇ ಎಂಬ ಒಂದೇ ಪ್ರಶ್ನೆಯನ್ನು ಇಲ್ಲಿ ಕೇಳಲಾಗುತ್ತದೆ. ಹಾಗೆ ಬರಹ ಕೆಡುವುದನ್ನು ಕನ್ನಡದ ಪಠ್ಯಪುಸ್ತಕಗಳು ಉತ್ಪರಿವರ್ತನೆ ಎನ್ನುತ್ತವೆ. ತರಗತಿಯಲ್ಲಿ ನಾವೆಲ್ಲ ಮ್ಯುಟೇಶನ್ ಎಂದೇ ಹೇಳುತ್ತ ಬಂದಿರುವುದರಿಂದ ನಾನೂ ಆ ಪದವನ್ನೇ ಬಳಸುತ್ತೇನೆ. ನಿಮ್ಮ ತಂದೆಯವರಿಗೆ ಯಾವ ತಪಾಸಣೆ ಬೇಕೆಂಬುದನ್ನು ಅವರನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು.

ಪ್ರಶ್ನೆ: ಬ್ಯಾಕ್ಟೀರಿಯಾಗೆ ಕ್ಯಾನ್ಸರ್ ಬರುವುದಿಲ್ಲ. ಹಾಗಿರುವಾಗ ಒಂದು ವಸ್ತು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಯೇ ಎಂಬುದನ್ನು ಬ್ಯಾಕ್ಟೀರಿಯಾ ಹೇಗೆ ತಿಳಿಸೀತು? (ಬಿಎಸ್ಸಿ ವಿದ್ಯಾರ್ಥಿನಿ, ಧಾರವಾಡ)

ಬಂದ ಪತ್ರಗಳಲ್ಲೆಲ್ಲ ಸರಿಯಾದ ಜಾಗಕ್ಕೆ ಕೈಹಾಕಿದ ಪ್ರಶ್ನೆ ಇದು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಹಿನ್ನೆಲೆ. ಲಂಡನ್ನಿನಲ್ಲಿ ಹೊಗೆಗೂಡು ಗುಡಿಸುವ ಹುಡುಗರಿಗೆ ಮುಂದೆ ವೃಷಣಚೀಲದ ಕ್ಯಾನ್ಸರ್ ಬರುವುದನ್ನು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯರು 1775ರಲ್ಲೇ ಬರೆದಿಟ್ಟಿದ್ದರು. ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಡಾಂಬರು ಬಳಿದು 1915ರ ಹೊತ್ತಿಗೆ ಕ್ಯಾನ್ಸರ್ ಗಡ್ಡೆ ಎಬ್ಬಿಸಿ ತೋರಿಸಿದರು. ಅಂದರೆ ರಾಸಾಯನಿಕದಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಹಳೆಯ ಅರಿವು. ಇನ್ನೊಂದು ದಾರಿಯಲ್ಲಿ, ಎಕ್ಸ್‌ರೇಯಿಂದ ಮ್ಯುಟೇಶನ್ ಆಗುವುದನ್ನು ಅಮೆರಿಕದ ವಿಜ್ಞಾನಿ ಮುಲ್ಲರ್ 1927ರಲ್ಲಿ ತೋರಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಡಿನ್‌ಬರೋದ ಷಾರ್ಲೆಟ್ ಆವರ್‌ಬಾಕ್ ಸಾಸಿವೆ ಅನಿಲವೂ ಅದೇ ಕೆಲಸ ಮಾಡುವುದನ್ನು ಹಣ್ಣುನೊಣಗಳಲ್ಲಿ ಕಂಡಿದ್ದರು. ಈ ಎರಡು ದಾರಿಗಳು ಒಂದೇ ಊರಿಗೆ ಹೋಗುತ್ತವೆಯೇ, ಕ್ಯಾನ್ಸರ್ ತರುವ ವಸ್ತು ಅದನ್ನು ತರುವುದು ವಂಶವಾಹಿಯನ್ನು ಕೆಡಿಸುವುದರಿಂದಲೇ, ಎಂಬುದು 1960ರ ದಶಕದಲ್ಲೂ ವಾದದಲ್ಲೇ ಇತ್ತು. ಕ್ಯಾನ್ಸರ್ ಜೀವಕೋಶದ ಬರಹದ ದೋಷದಿಂದ ಹುಟ್ಟುವ ರೋಗವಾದರೆ, ಆ ದೋಷ ಮೂಡುವುದನ್ನು ಯಾವ ಜೀವಿಯಲ್ಲಿ ನೋಡಿದರೂ ಸರಿ. ಇಲಿಯ ಡಿಎನ್‌ಎಯೂ ಬ್ಯಾಕ್ಟೀರಿಯಾದ ಡಿಎನ್‌ಎಯೂ ಒಂದೇ ಲಿಪಿಯಲ್ಲಿವೆ. ನಿಮ್ಮ ಪ್ರಶ್ನೆಗೆ ಉತ್ತರದ ತಿರುಳು ಇಷ್ಟೇ.

ಏಮ್ಸ್ ಆಗ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೇಗೆ ತಯಾರಿಸಿಕೊಳ್ಳುತ್ತದೆ ಎಂಬುದರ ಅಧ್ಯಯನದಲ್ಲಿದ್ದರು. ಹಿಸ್ಟಿಡಿನ್ ತಯಾರಿಸುವ ವಂಶವಾಹಿ ಕೆಟ್ಟುಹೋಗಿದ್ದ ತಳಿಗಳು ಅವರ ಬಳಿ ರಾಶಿ ಬಿದ್ದಿದ್ದವು. ಇಂಥ ತಳಿಗೆ ಹೊರಗಿನಿಂದ ಹಿಸ್ಟಿಡಿನ್ ಉಣಿಸಿದರಷ್ಟೇ ಬದುಕು. ಈಗ ಹಿಸ್ಟಿಡಿನ್ ಹೆಚ್ಚುಕಡಿಮೆ ಇಲ್ಲದ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಮೇಲೆ ಇದನ್ನು ಸುಮಾರು 10 ಕೋಟಿಯ ಲೆಕ್ಕದಲ್ಲಿ ಹರಡಿ, ಜೊತೆಗೆ ಪರೀಕ್ಷಿಸಬೇಕಾದ ರಾಸಾಯನಿಕವನ್ನು ಸೇರಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ದಿನ ಬಿಡುತ್ತಾರೆ. ಬಹುಪಾಲು ಬ್ಯಾಕ್ಟೀರಿಯಾ ಹಸಿದೇ ಉಳಿಯುತ್ತವೆ. ರಾಸಾಯನಿಕವು ಡಿಎನ್‌ಎಯನ್ನು ಅಲ್ಲಲ್ಲಿ ಗೀಚುವಂಥದ್ದಾದರೆ, ಕೋಟಿಗಳಲ್ಲಿ ಕೆಲವಕ್ಕೆ ಆ ಗೀಚು ಅದೃಷ್ಟವಶಾತ್ ಕೆಟ್ಟ ಜಾಗದಲ್ಲೇ ಬಿದ್ದು, ಹಳೆಯ ತಪ್ಪು ಸರಿಯಾಗಿಬಿಡುತ್ತದೆ. ಹಾಗೆ ಸರಿಯಾದ ಒಂದೊಂದೂ ಬೆಳೆದು ತಟ್ಟೆಯ ಮೇಲೆ ಒಂದೊಂದು ಬಿಳಿ ಚುಕ್ಕೆಯಾಗುತ್ತದೆ. ಕೆಡಿಸುವ ಶಕ್ತಿಯನ್ನು ರಿಪೇರಿಯಾದವುಗಳ ಲೆಕ್ಕದಿಂದ ಅಳೆಯುವ ಈ ತಲೆಕೆಳಗಾದ ಉಪಾಯ ನನಗೆ ಇವತ್ತಿಗೂ ಬೆರಗು.

ಗೀಚು ಎಂದೆನಲ್ಲ, ಅದರಲ್ಲಿ ಎರಡು ಬಗೆ. ‘ಕಮಲ ಬಸವ ಸರಳ’ ಎಂದು ಮೂರು ಮೂರು ಅಕ್ಷರಗಳಲ್ಲಿ ಬರೆದಿದೆ ಎಂದುಕೊಳ್ಳಿ. ಡಿಎನ್‌ಎಯನ್ನು ಜೀವಕೋಶ ಓದುವುದೂ ಮೂರು ಮೂರಾಗಿಯೇ. ‘ಸರಳ’ದ ಕೊನೆಯ ಅಕ್ಷರ ಬದಲಾಗಿ ‘ಸರಸ’ ಆದರೆ ಒಂದು ಪದದ ಅರ್ಥ ಕೆಟ್ಟಿತು, ಉಳಿದ ಎರಡಕ್ಕೆ ಏನೂ ಆಗಲಿಲ್ಲ. ಇದು ಮೊದಲ ಬಗೆ. ‘ಕಮಲ’ದ ‘ಮ’ ಉದುರಿಹೋದರೆ ಓದು ‘ಕಲಬ ಸವಸ ರಳ’ ಎಂದಾಗಿ ಕೊನೆಯವರೆಗೂ ಹಾಳು. ಇದು ಎರಡನೆಯದು. ಮೊದಲ ಬಗೆಯ ದೋಷವನ್ನು ಹಿಡಿಯಲು ಟಿಎ100, ಎರಡನೆಯದಕ್ಕೆ ಟಿಎ98 ಎಂಬ ತಳಿಗಳು ಇಂದಿಗೂ ಬಳಕೆಯಲ್ಲಿವೆ. ಈ ತಳಿಗಳನ್ನು ಬೇಕೆಂದೇ ಇನ್ನಷ್ಟು ಬಡವಾಗಿಸಿದ್ದಾರೆ. ದೊಡ್ಡ ಅಣುಗಳು ಒಳಗೆ ನುಗ್ಗಲೆಂದು ಹೊರಕವಚವನ್ನು ತೆಳುವಾಗಿಸಿದ್ದಾರೆ, ಡಿಎನ್‌ಎಯ ಏಟನ್ನು ತಿದ್ದಿಕೊಳ್ಳುವ ಒಂದು ಮುಖ್ಯ ವ್ಯವಸ್ಥೆಯನ್ನು ಕಿತ್ತುಹಾಕಿದ್ದಾರೆ.

ಇಲಿಗಳ ಮೇಲಿನ ಕ್ಯಾನ್ಸರ್ ಪರೀಕ್ಷೆಗೆ ಎರಡು ವರ್ಷಕ್ಕೂ ಮೇಲ್ಪಟ್ಟ ಕಾಲ ಮತ್ತು ದೊಡ್ಡ ಮೊತ್ತದ ಹಣ ಬೇಕಾಗಿದ್ದ ಕಾಲದಲ್ಲಿ ಎರಡೇ ದಿನಗಳಲ್ಲಿ ಮುಗಿಯುವ ಇದನ್ನು ಏಮ್ಸ್ ಪೇಟೆಂಟ್ ಮಾಡಿಕೊಳ್ಳಲಿಲ್ಲ, ತಳಿಗಳನ್ನು ಕೇಳಿದ ಪ್ರಯೋಗಾಲಯಗಳಿಗೆ ಹಾಗೇ ಕಳಿಸಿಕೊಟ್ಟರು. 1975ರಲ್ಲಿ ಜಾಯ್ಸ್ ಮೆಕ್ಯಾನ್ ಮತ್ತು ಸಂಗಡಿಗರ ಜೊತೆ ಅವರು ಪ್ರಕಟಿಸಿದ 300 ರಾಸಾಯನಿಕಗಳ ಪಟ್ಟಿಯಲ್ಲಿ, ಪ್ರಾಣಿಗಳಲ್ಲಿ ಕ್ಯಾನ್ಸರ್ ತರುತ್ತವೆಂದು ಮೊದಲೇ ಗೊತ್ತಿದ್ದ 174ರ ಪೈಕಿ 156 ಬ್ಯಾಕ್ಟೀರಿಯಾದಲ್ಲೂ ಮ್ಯುಟೇಶನ್ ತಂದಿದ್ದವು. ಅಂದರೆ ನೂರಕ್ಕೆ 90.

ಆ 90ನ್ನು ಮಾತ್ರ ನೆನಪಿಟ್ಟುಕೊಂಡು ಪರೀಕ್ಷೆಯಲ್ಲಿ ಉತ್ತರ ಬರೆಯಬೇಡಿ. 1987ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು ಬೇರೆ 73 ರಾಸಾಯನಿಕಗಳನ್ನು ತೆಗೆದುಕೊಂಡು ಹೋಲಿಸಿದಾಗ ಇಲಿಗಳ ಫಲಿತಾಂಶಕ್ಕೂ ಬ್ಯಾಕ್ಟೀರಿಯಾದ ಫಲಿತಾಂಶಕ್ಕೂ ತಾಳೆಯಾದದ್ದು ನೂರಕ್ಕೆ ಸುಮಾರು 60 ಮಾತ್ರ. ಆಸ್ಬೆಸ್ಟಾಸ್, ಬೆಂಜೀನ್, ಆರ್ಸೆನಿಕ್ ಮೂರೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ, ಮೂರೂ ಈ ತಟ್ಟೆಯ ಮೇಲೆ ಸಾಧುಗಳಂತೆ ಕಾಣುತ್ತವೆ. ಸೋಡಿಯಂ ಅಜೈಡ್ ತಟ್ಟೆ ತುಂಬ ಚುಕ್ಕೆ ಎಬ್ಬಿಸುತ್ತದೆ, ಇಲಿಗಳಲ್ಲಿ ಕ್ಯಾನ್ಸರ್ ತರುವುದಿಲ್ಲ. ಮ್ಯುಟೇಶನ್ ಕ್ಯಾನ್ಸರಿನ ದೊಡ್ಡ ಬಾಗಿಲು, ಆದರೆ ಅದಕ್ಕೆ ಹಿತ್ತಲ ಬಾಗಿಲುಗಳೂ ಇವೆ.

ಪ್ರಶ್ನೆ: ಈ ಪರೀಕ್ಷೆಯಲ್ಲಿ ಇಲಿಯ ಲಿವರನ್ನು ಅರೆದು ಹಾಕುತ್ತಾರೆಂದು ಓದಿದೆ. ಬ್ಯಾಕ್ಟೀರಿಯಾದ ಪರೀಕ್ಷೆಗೆ ಲಿವರ್ ಏಕೆ? (ಪ್ರೌಢಶಾಲಾ ಶಿಕ್ಷಕರು, ಹಾಸನ)

ನಾವು ನುಂಗಿದ, ಉಸಿರಾಡಿದ ಬೇಡದ ವಸ್ತುಗಳನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರದಬ್ಬುವುದು ಯಕೃತ್ತಿನ ಕೆಲಸ. ಈ ಸ್ವಚ್ಛತೆಯ ಕೆಲಸದಲ್ಲೇ ಅದು ಕೆಲವು ನಿರುಪದ್ರವಿ ಅಣುಗಳನ್ನು ಡಿಎನ್‌ಎಗೆ ಅಂಟಿಕೊಳ್ಳುವ ಕಿಡಿಗೇಡಿಗಳಾಗಿ ಬದಲಾಯಿಸಿಬಿಡುತ್ತದೆ. ಇದನ್ನು ವಿಸ್ಕಾನ್ಸಿನ್‌ನ ಜೇಮ್ಸ್ ಮಿಲ್ಲರ್ ಮತ್ತು ಎಲಿಜಬೆತ್ ಮಿಲ್ಲರ್ ದಂಪತಿ ವರ್ಷಗಳ ದುಡಿಮೆಯಿಂದ ತೋರಿಸಿಕೊಟ್ಟಿದ್ದರು. ಹೊಗೆಯಲ್ಲಿರುವ ಬೆಂಜೊಪೈರೀನ್ ತಾನಾಗಿ ಡಿಎನ್‌ಎಯನ್ನು ಮುಟ್ಟುವುದಿಲ್ಲ, ದೇಹದ ಕಿಣ್ವಗಳು ಅದಕ್ಕೆ ಆಮ್ಲಜನಕ ಸೇರಿಸಿದ ಮೇಲೆ ಮುಟ್ಟುತ್ತದೆ. ಬ್ಯಾಕ್ಟೀರಿಯಾದಲ್ಲಿ ಅಂಥ ಕಿಣ್ವಗಳಿಲ್ಲ. ಆದ್ದರಿಂದ ಇಲಿಯ ಯಕೃತ್ತನ್ನು ಅರೆದು, ಗುರುತ್ವದ 9000 ಪಟ್ಟು ಬಲ ಬೀಳುವಂತೆ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ತಟ್ಟೆಗೆ ಸೇರಿಸುತ್ತಾರೆ. ಅದನ್ನೇ ಎಸ್9 ಎನ್ನುವುದು. ಯಕೃತ್ತಿನ ರಸವನ್ನು ಹೀಗೆ ಬಳಸುವ ಯೋಚನೆ ಹೈನ್ರಿಕ್ ಮಾಲಿಂಗ್ ಅವರದು, 1971ರದು. ಅದನ್ನು ತಮ್ಮ ತಳಿಗಳಿಗೆ ಜೋಡಿಸಿ ಏಮ್ಸ್ 1973ರಲ್ಲಿ ‘ಕ್ಯಾನ್ಸರ್‌ಕಾರಕಗಳು ಮ್ಯುಟೇಶನ್‌ಕಾರಕಗಳೇ’ ಎಂದು ಪ್ರಬಂಧದ ತಲೆಬರಹದಲ್ಲಿಯೇ ಸಾರಿದರು.

ಇದನ್ನು ಕಣ್ಣಾರೆ ಕಂಡ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಎಂಎಸ್ಸಿ ಓದುವಾಗ ನಮ್ಮ ಗುರುಗಳು ಬೀಡಿಯ ಹೊಗೆಯನ್ನು ಪರೀಕ್ಷಿಸಲು ಹಚ್ಚಿದ್ದರು. ಹೊಗೆಯನ್ನು ಪಂಪಿನಿಂದ ಹೀರಿ ಸೋಸುಕಾಗದದ ಮೇಲೆ ಹಿಡಿದರೆ ಕಾಗದ ಕಾಕಂಬಿ ಬಣ್ಣಕ್ಕೆ ತಿರುಗುತ್ತಿತ್ತು, ಅಂಗಿಗೆ ಹತ್ತಿದ ನಾತ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ. ಮೊದಲ ಸಲ ಇನ್‌ಕ್ಯುಬೇಟರಿನಲ್ಲಿಟ್ಟ ರಾತ್ರಿ ಕರೆಂಟ್ ಹೋಗಿ ಎಲ್ಲ ವ್ಯರ್ಥವಾಯಿತು. ಎರಡನೆಯ ಸಲ ತಟ್ಟೆಗಳನ್ನು ಮಗುಚಿ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು, ತಳದ ಗಾಜಿನ ಮೇಲೆ ಸ್ಕೆಚ್ ಪೆನ್ನಿನಿಂದ ಒಂದೊಂದು ಚುಕ್ಕೆಗೂ ಗುರುತು ಹಾಕುತ್ತ ಎಣಿಸಿದೆ. ಏನೂ ಸೇರಿಸದ ತಟ್ಟೆಯಲ್ಲಿ ಮೂವತ್ತು ಚಿಲ್ಲರೆ ಇದ್ದವು. ಟಿಎ98ರಲ್ಲಿ ತಾವಾಗಿ ಸರಿಹೋಗುವವು ಸುಮಾರು ಅಷ್ಟೇ ಇರುತ್ತವೆ. ಬೀಡಿಯ ಸಾರವಿದ್ದು ಎಸ್9 ಇಲ್ಲದ ತಟ್ಟೆಯೂ ಹೆಚ್ಚುಕಡಿಮೆ ಹಾಗೇ ಇತ್ತು. ಎರಡೂ ಇದ್ದ ತಟ್ಟೆಯಲ್ಲಿ ನೂರೈವತ್ತು ದಾಟುವಷ್ಟರಲ್ಲಿ ಸ್ಕೆಚ್ ಪೆನ್ನಿನ ಗುರುತುಗಳೇ ಒಂದರ ಮೇಲೊಂದು ಬೀಳತೊಡಗಿದವು. ಬೀಡಿ ಸೇದುತ್ತಿದ್ದ ನಮ್ಮ ಪ್ರಯೋಗಾಲಯದ ಸಹಾಯಕರು ಆ ಮೂರೂ ತಟ್ಟೆಗಳನ್ನು ಬಹಳ ಹೊತ್ತು ನೋಡಿ, ‘ಸೇದೋದು ನಾನು, ಕೆಡಿಸಿಕೊಳ್ಳೋದು ನನ್ನ ಲಿವರ್ರೇ ಅನ್ನಿ’ ಎಂದರು. ಅಷ್ಟು ಚುಟುಕಾಗಿ ಎಸ್9ಅನ್ನು ವಿವರಿಸಲು ನನಗೆ ತರಗತಿಯಲ್ಲಿ ಎಂದೂ ಆಗಲಿಲ್ಲ. ಒಂದು ತಿದ್ದುಪಡಿ ಮಾತ್ರ ಸೇರಿಸಬೇಕು, ಇಂಥ ಕಿಣ್ವಗಳು ಶ್ವಾಸಕೋಶದಲ್ಲೂ ಇವೆ. 1996ರಲ್ಲಿ ಡೆನಿಸೆಂಕೊ, ಫೈಫರ್ ಮತ್ತು ಸಂಗಡಿಗರು ಬೆಂಜೊಪೈರೀನಿನ ಬದಲಾದ ರೂಪವು ಪಿ53 ಎಂಬ ಕಾವಲು ವಂಶವಾಹಿಯ ಯಾವ ಯಾವ ಅಕ್ಷರಗಳಿಗೆ ಅಂಟಿಕೊಳ್ಳುತ್ತದೆಂದು ಗುರುತಿಸಿದರು. ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಗಳಲ್ಲಿ ಆ ವಂಶವಾಹಿ ಹೆಚ್ಚಾಗಿ ಕೆಟ್ಟಿರುವುದು ಅವೇ ಜಾಗಗಳಲ್ಲಿ.

ಪ್ರಶ್ನೆ: ಕೂದಲಿಗೆ ಬಣ್ಣ ಹಚ್ಚಿದರೆ ಕ್ಯಾನ್ಸರ್ ಬರುತ್ತದೆಂದು ಮಗಳು ಹೆದರಿಸುತ್ತಿದ್ದಾಳೆ. ಹದಿನೈದು ವರ್ಷದಿಂದ ಹಚ್ಚುತ್ತಿದ್ದೇನೆ. (ಗೃಹಿಣಿ, ಮೈಸೂರು)

ಮಗಳ ಹೆದರಿಕೆಗೆ ಮೂಲವಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಏಮ್ಸ್ ತಮ್ಮ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಬಳಸುವ ವಸ್ತುಗಳನ್ನು ತಂದು ಪರೀಕ್ಷಿಸಲು ಹೇಳಿದ್ದಾಗ ಕೂದಲ ಬಣ್ಣ ಸಿಕ್ಕಿಬಿದ್ದಿತು. ಆಮೇಲೆ ವ್ಯವಸ್ಥಿತವಾಗಿ ನೋಡಿದರೆ, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಹಚ್ಚುವ ಬಗೆಯ 169 ಬಣ್ಣಗಳಲ್ಲಿ 150 ಮ್ಯುಟೇಶನ್ ತರುತ್ತಿದ್ದವು. 1975ರ ಈ ವರದಿಯ ನಂತರ ತಯಾರಕರು ಕೆಲವು ಘಟಕಗಳನ್ನು ಕೈಬಿಟ್ಟರು. ಹಾಗಾಗಿ ಇಂದಿನ ಡಬ್ಬಿ ಅಂದಿನದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಎಲ್ಲ ಅಧ್ಯಯನಗಳನ್ನೂ ತೂಗಿ ನೋಡಿ, ದಿನವಿಡೀ ಇದರಲ್ಲೇ ಕೈಯಾಡಿಸುವ ಕ್ಷೌರಿಕರ ಮತ್ತು ಪಾರ್ಲರ್ ಕೆಲಸಗಾರರ ವೃತ್ತಿಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ವರ್ಗಕ್ಕೆ ಸೇರಿಸಿದೆ. ಸ್ವಂತಕ್ಕೆ ಹಚ್ಚಿಕೊಳ್ಳುವವರ ವಿಷಯದಲ್ಲಿ ತೀರ್ಮಾನಕ್ಕೆ ಪುರಾವೆ ಸಾಲದು ಎಂದಿದೆ. ನಾನಾದರೆ ನಿಮಗಿಂತ ನಿಮಗೆ ಬಣ್ಣ ಹಚ್ಚಿಕೊಡುವ ಹುಡುಗಿಯ ಬಗ್ಗೆ ಯೋಚಿಸುತ್ತೇನೆ. ಅವಳಿಗೆ ಕೈಗವಸು, ಕಿಟಕಿ ತೆರೆದ ಕೋಣೆ ಎರಡೂ ಬೇಕು. ಇನ್ನು, ಕಪ್ಪಗೆ ಹತ್ತುವ ‘ಕಪ್ಪು ಮೆಹೆಂದಿ’ ಬರೀ ಗೋರಂಟಿಯಲ್ಲ, ಅದರಲ್ಲಿ ಹೇರ್ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕವೇ ಸಾಮಾನ್ಯವಾಗಿ ಇರುತ್ತದೆ. ‘ಹರ್ಬಲ್’ ಎಂಬ ಹಸಿರು ಅಕ್ಷರಗಳನ್ನು ನಂಬಿ ಅದಕ್ಕೆ ಬದಲಾಯಿಸಿಕೊಳ್ಳಬೇಡಿ.

ಪ್ರಶ್ನೆ: ಇಲ್ಲಿ ಮೊಮ್ಮಗನಿಗೆ ರಾತ್ರಿ ಉಡುಪು ಕೊಂಡಾಗ ‘ಬೆಂಕಿ ನಿರೋಧಕವಲ್ಲ, ಮೈಗೆ ಅಂಟಿದಂತೆ ತೊಡಿಸಿ’ ಎಂಬ ಹಳದಿ ಚೀಟಿ ನೇತಾಡುತ್ತಿತ್ತು. ಇದಕ್ಕೂ ನೀವು ಹೇಳುವ ಏಮ್ಸ್‌ಗೂ ಸಂಬಂಧವಿದೆಯೆಂದು ಅಳಿಯ ಹೇಳುತ್ತಾನೆ. (ನ್ಯೂಜೆರ್ಸಿಯಿಂದ ಕನ್ನಡ ಓದುಗರು)

ನಿಮ್ಮ ಅಳಿಯ ಹೇಳಿದ್ದು ಸರಿ. ಮಕ್ಕಳ ರಾತ್ರಿ ಉಡುಪು ಸುಲಭವಾಗಿ ಹೊತ್ತಿಕೊಳ್ಳಬಾರದೆಂದು ಅಮೆರಿಕದಲ್ಲಿ 1970ರ ದಶಕದ ಮೊದಲಲ್ಲಿ ನಿಯಮ ಬಂದಾಗ ಬಟ್ಟೆಗೆ ಟ್ರಿಸ್ ಎಂಬ ಬ್ರೋಮಿನ್‌ಯುಕ್ತ ರಾಸಾಯನಿಕ ಸೇರಿಸತೊಡಗಿದರು. ಸೇರಿಸಿದ್ದು ಚಿಟಿಕೆಯಷ್ಟಲ್ಲ, ಬಟ್ಟೆಯ ತೂಕದ ಶೇಕಡಾ 5ರಿಂದ 10ರಷ್ಟು. ಅರ್ಲೀನ್ ಬ್ಲಮ್ ಮತ್ತು ಏಮ್ಸ್ ಅದನ್ನು ತಟ್ಟೆಯ ಮೇಲೆ ಪರೀಕ್ಷಿಸಿ ಪ್ರಬಲ ಮ್ಯುಟೇಶನ್‌ಕಾರಕವೆಂದು 1977ರ ಜನವರಿಯಲ್ಲಿ ಪ್ರಕಟಿಸಿದರು. ಏಪ್ರಿಲ್‌ನಲ್ಲಿ ಸರ್ಕಾರ ಮಕ್ಕಳ ರಾತ್ರಿ ಉಡುಪಿನಲ್ಲಿ ಅದನ್ನು ನಿಷೇಧಿಸಿತು. ಬದಲಿಗೆ ಬಂದದ್ದು ಬ್ರೋಮಿನ್ ಜಾಗದಲ್ಲಿ ಕ್ಲೋರಿನ್ ಇಟ್ಟ ಅದರ ದಾಯಾದಿ. 1978ರಲ್ಲಿ ಅದೂ ಇದೇ ತಟ್ಟೆಯ ಮೇಲೆ ಸಿಕ್ಕಿಬಿತ್ತು. ಅದೇ ವರ್ಷದ ಇನ್ನೊಂದು ವರದಿಯಲ್ಲಿ, ಟ್ರಿಸ್ ಉಡುಪು ತೊಟ್ಟ ಮಗುವಿನ ಮೂತ್ರದಲ್ಲಿ ಆ ರಾಸಾಯನಿಕದ ತುಣುಕು ಸಿಕ್ಕಿದ್ದು ದಾಖಲಾಗಿದೆ. ಬಟ್ಟೆಯಿಂದ ಅದು ಮೈಯೊಳಗೆ ಇಳಿದಿತ್ತು. ಪ್ರಯೋಗಾಲಯದ ಕೆಲಸವೊಂದು ಇಷ್ಟು ಬೇಗ ಅಂಗಡಿಯ ಕಪಾಟನ್ನು ಖಾಲಿ ಮಾಡಿಸಿದ ಉದಾಹರಣೆ ಅಪರೂಪ. ಈ ಅರ್ಲೀನ್ ಬ್ಲಮ್ ಪರ್ವತಾರೋಹಿಯೂ ಹೌದು, 1978ರಲ್ಲಿ ಅನ್ನಪೂರ್ಣಾ ಏರಿದ ಮಹಿಳಾ ತಂಡದ ನಾಯಕಿ. ನಿಮ್ಮ ಮೊಮ್ಮಗನ ಅಂಗಿಯ ಮೇಲಿನ ಚೀಟಿಯ ಅರ್ಥವಿಷ್ಟು: ಇದರಲ್ಲಿ ಬೆಂಕಿ ತಡೆಯುವ ರಾಸಾಯನಿಕವಿಲ್ಲ, ಸಡಿಲವಾಗಿರದೆ ಮೈಗಂಟಿಕೊಂಡರೆ ಹೊತ್ತಿಕೊಳ್ಳುವ ಅಪಾಯ ಕಡಿಮೆ.

ಪ್ರಶ್ನೆ: ರಾಸಾಯನಿಕಗಳ ವಿರುದ್ಧ ಕೂಗೆಬ್ಬಿಸಿದ ಇದೇ ಮನುಷ್ಯ ಮುಂದೆ ಕೀಟನಾಶಕಗಳ ಪರ ಮಾತಾಡಿದನಂತೆ, ಕಾಫಿಯನ್ನು ವಿಷ ಎಂದನಂತೆ. ಯಾವುದನ್ನು ನಂಬೋಣ? (ಕಾಫಿ ಬೆಳೆಗಾರರು, ಸಕಲೇಶಪುರ)

ಕಾಫಿಯನ್ನು ಅವರು ವಿಷ ಎನ್ನಲಿಲ್ಲ, ಅವರ ಮಾತಿನ ಗುರಿ ಬೇರೆಯದೇ ಆಗಿತ್ತು. ಆದರೆ ಅವರು ತಿರುಗಿ ನಿಂತದ್ದು ನಿಜ. ತಮ್ಮ ಪರೀಕ್ಷೆಯಿಂದ ಬಲ ಪಡೆದ ಪರಿಸರವಾದಿಗಳ ಜೊತೆಯೇ 1980ರ ದಶಕದಲ್ಲಿ ಅವರು ಜಗಳಕ್ಕೆ ನಿಂತರು.

ಕಾರಣ ಇದು. ಏಮ್ಸ್ ಮತ್ತು ಅವರ ಸಹೋದ್ಯೋಗಿ ಲೋಯಿಸ್ ಗೋಲ್ಡ್ ಜಗತ್ತಿನ ಇಲಿ ಪರೀಕ್ಷೆಗಳನ್ನೆಲ್ಲ ಒಂದೆಡೆ ಸೇರಿಸುತ್ತ ಹೋದಾಗ, ಪರೀಕ್ಷೆಗೊಳಗಾದ ರಾಸಾಯನಿಕಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಯಾನ್ಸರ್‌ಕಾರಕ ಎಂಬ ಹಣೆಪಟ್ಟಿ ಹೊತ್ತಿದ್ದವು. ಕಾರ್ಖಾನೆಯಿಂದ ಬಂದವಾಗಲಿ ಗಿಡಮರಗಳಿಂದ ಬಂದವಾಗಲಿ, ಪ್ರಮಾಣ ಒಂದೇ. ಗಿಡಕ್ಕೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ; ಹುಳುಹುಪ್ಪಟೆಗಳಿಂದ ಕಾಪಾಡಿಕೊಳ್ಳಲು ಅದು ತನ್ನದೇ ವಿಷಗಳನ್ನು ತಯಾರಿಸುತ್ತದೆ. 1990ರಲ್ಲಿ ಅವರು ಹಾಕಿದ ಅಂದಾಜಿನಂತೆ ಅಮೆರಿಕದ ಪ್ರಜೆಯೊಬ್ಬ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ಇಂಥ ಸಸ್ಯವಿಷಗಳನ್ನು ತಿನ್ನುತ್ತಾನೆ, ಅಂದರೆ ತೂಕದ ಲೆಕ್ಕದಲ್ಲಿ ನಮ್ಮ ಊಟದ ಕೀಟನಾಶಕಗಳಲ್ಲಿ ಶೇಕಡಾ 99.99ರಷ್ಟು ಗಿಡಗಳೇ ಮಾಡಿದವು. ಆಗ ಇಲಿಗಳಲ್ಲಿ ಪರೀಕ್ಷೆಯಾಗಿದ್ದ ಇಂಥ 52 ಸಹಜ ವಿಷಗಳಲ್ಲಿ 27 ಕ್ಯಾನ್ಸರ್ ತಂದಿದ್ದವು. ಕಾಫಿ ಬಂದದ್ದು ಇಲ್ಲಿ. ಹುರಿದ ಕಾಫಿಯಲ್ಲಿ ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಒಂದು ಲೋಟ ಕಾಫಿಯಲ್ಲಿರುವ, ಇಲಿಗಳಿಗೆ ಕ್ಯಾನ್ಸರ್ ತಂದ ಸಹಜ ವಸ್ತುಗಳ ತೂಕ, ಒಬ್ಬ ಮನುಷ್ಯ ವರ್ಷಪೂರ್ತಿ ತಿನ್ನುವ ಅಂಥದೇ ಕೃತಕ ಕೀಟನಾಶಕಗಳ ಶೇಷಕ್ಕೆ ಸರಿದೂಗುತ್ತದೆ ಎಂಬುದು ಏಮ್ಸ್ ಮತ್ತು ಗೋಲ್ಡ್ ಅವರ ಪ್ರಸಿದ್ಧ ಹೋಲಿಕೆ. ಹೀಗೆ ಹೇಳಿ ಕಾಫಿ ಬಿಡಿಸುವುದು ಅವರ ಉದ್ದೇಶವಾಗಿರಲಿಲ್ಲ. ಇಲಿ ತಡೆದುಕೊಳ್ಳಬಲ್ಲ ಗರಿಷ್ಠ ಪ್ರಮಾಣವನ್ನು ಜೀವಮಾನವಿಡೀ ಉಣಿಸಿದರೆ ಜೀವಕೋಶಗಳು ಸಾಯುತ್ತವೆ, ಸತ್ತವುಗಳ ಜಾಗ ತುಂಬಲು ಉಳಿದವು ಪದೇ ಪದೇ ವಿಭಜಿಸುತ್ತವೆ, ವಿಭಜನೆ ಹೆಚ್ಚಿದಷ್ಟೂ ನಕಲು ತಪ್ಪುಗಳು ಹೆಚ್ಚುತ್ತವೆ. ಹೀಗೆ ಬಂದ ಕ್ಯಾನ್ಸರಿಗೆ ಆ ರಾಸಾಯನಿಕದ ಗುಣಕ್ಕಿಂತ ಪ್ರಮಾಣವೇ ಕಾರಣವಿರಬಹುದು ಎಂಬುದು ಅವರ ವಾದವಾಗಿತ್ತು.

ಈ ವಾದದಲ್ಲಿ ನನಗೆ ಒಪ್ಪಿಗೆಯಾಗುವುದೂ ಇದೆ, ಆಗದ್ದೂ ಇದೆ. ಸಹಜವಾದದ್ದೆಲ್ಲ ಒಳ್ಳೆಯದು ಎಂಬ ನಮ್ಮ ಕುರುಡು ನಂಬಿಕೆಗೆ ಅವರು ಕೊಟ್ಟ ಪೆಟ್ಟು ಬೇಕಾಗಿತ್ತು. ಬೂಷ್ಟು ಹಿಡಿದ ಶೇಂಗಾದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಯಾವ ಕಾರ್ಖಾನೆಯದೂ ಅಲ್ಲ, ಆದರೂ ತಟ್ಟೆಯ ಮೇಲೆ ಅದರಷ್ಟು ಚುಕ್ಕೆ ಎಬ್ಬಿಸುವ ವಸ್ತುಗಳು ಕಡಿಮೆ. ಅದು ಹೆಚ್ಚಿರುವ ಪ್ರದೇಶಗಳ ಯಕೃತ್ತಿನ ಕ್ಯಾನ್ಸರ್‌ಗಳಲ್ಲಿ ಪಿ53 ವಂಶವಾಹಿಯ 249ನೆಯ ಪದ ಒಂದೇ ರೀತಿ ಕೆಟ್ಟಿರುವುದು 1991ರಲ್ಲಿ ಗೊತ್ತಾಯಿತು. ಆದರೆ ಊಟದ ತಟ್ಟೆಯಲ್ಲಿ ಉಳಿಯುವ ಶೇಷದ ಲೆಕ್ಕ ತೋಟದಲ್ಲಿ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು, ಗಾಳಿಗೆದುರಾಗಿ ಔಷಧಿ ಹೊಡೆಯುವ ಆಳಿಗೆ ಅನ್ವಯಿಸುವುದಿಲ್ಲ. ಏಮ್ಸ್ ಅವರ ಮಾತನ್ನು ಉದ್ಧರಿಸುವವರು ಈ ಎರಡು ಪ್ರಮಾಣಗಳನ್ನು ಬೇಕೆಂದೇ ಕಲಸುತ್ತಾರೆ. ಕೀಟನಾಶಕದ ಕೇಡು ಕ್ಯಾನ್ಸರ್ ಒಂದೇ ಅಲ್ಲ ಎಂಬುದೂ ಬೇರೆ ಇದೆ.

ಕಾಫಿಯ ವಿಷಯದಲ್ಲಿ ನೀವು ನಿಶ್ಚಿಂತೆಯಿಂದಿರಿ. 1991ರಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಸಂಬಂಧಿಸಿ ಅದನ್ನು ಸಂಶಯದ ಪಟ್ಟಿಗೆ ಸೇರಿಸಿದ್ದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ 2016ರಲ್ಲಿ ಆ ಪಟ್ಟಿಯಿಂದ ಇಳಿಸಿತು. ಪಟ್ಟಿಗೆ ಹೊಸದಾಗಿ ಸೇರಿದ್ದು 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ, ಅನ್ನನಾಳದ ಕಾರಣಕ್ಕಾಗಿ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಕುಡಿಯುವ ನಮ್ಮ ಪದ್ಧತಿಯೇ ವಾಸಿ.

ಪ್ರಶ್ನೆ: ಅಡಿಕೆಯೂ ಸಹಜ ವಸ್ತುವೇ. ಹಾಗಾದರೆ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದದ್ದೂ ಇದೇ ರೀತಿ ಇಲಿಗೆ ಮಿತಿಮೀರಿ ತಿನ್ನಿಸಿಯೇ? (ಅಡಿಕೆ ಬೆಳೆಗಾರರು, ಶಿರಸಿ)

ಅಲ್ಲ. ನಿಮ್ಮ ಮಂಡಿಯಲ್ಲಿ ಈ ಮಾತು ಓಡಾಡುತ್ತಿರುವುದು ನನಗೆ ಗೊತ್ತು. ಅಡಿಕೆ ಬೆಳೆಯುವುದರಲ್ಲಿ ದೇಶದಲ್ಲೇ ಮೊದಲಾಗಿರುವ ರಾಜ್ಯದಲ್ಲಿ ಈ ಪ್ರಶ್ನೆಗೆ ಬದುಕಿನ ಭಾರವಿದೆ, ಆದ್ದರಿಂದ ಜೋಪಾನವಾಗಿ ಹೇಳುತ್ತೇನೆ. ಅಡಿಕೆಯ ಅರೆಕೋಲಿನ್ ಎಂಬ ಸತ್ವ, ಅದು ಬಾಯಿಯಲ್ಲಿ ಬದಲಾಗಿ ಹುಟ್ಟಬಲ್ಲ ನೈಟ್ರೋಸಮೈನ್‌ಗಳು, ಸುಣ್ಣದ ಜೊತೆ ಸೇರಿದಾಗ ಬಿಡುಗಡೆಯಾಗುವ ಉಗ್ರ ಆಮ್ಲಜನಕ ರೂಪಗಳು, ಇವನ್ನೆಲ್ಲ ಪ್ರಯೋಗಾಲಯದಲ್ಲಿ ನೋಡಿದ್ದು ನಿಜ. ಆದರೆ ತೀರ್ಪು ನಿಂತಿರುವುದು ತಟ್ಟೆಯ ಮೇಲೂ ಅಲ್ಲ, ಇಲಿಯ ಮೇಲೂ ಅಲ್ಲ, ಜಗಿಯುವ ಮನುಷ್ಯರ ಮೇಲೆ. ನಮ್ಮಲ್ಲಿ ಎಲೆಯಡಿಕೆಯ ಕವಳದ ಜೊತೆ ಹೊಗೆಸೊಪ್ಪೂ ಇರುವುದರಿಂದ ದೋಷ ಯಾರದೆಂದು ಬೇರ್ಪಡಿಸುವುದು ಕಷ್ಟವಾಗಿತ್ತು. ತೈವಾನಿನಲ್ಲಿ ಸಾಮಾನ್ಯವಾಗಿ ಹೊಗೆಸೊಪ್ಪಿಲ್ಲದೆ ಜಗಿಯುತ್ತಾರೆ, ಅಲ್ಲಿಯೂ ಬಾಯಿಯ ಕ್ಯಾನ್ಸರ್ ಹೆಚ್ಚಾಗಿಯೇ ಕಂಡಿತು. ಅಂಥ ಅಧ್ಯಯನಗಳ ಆಧಾರದ ಮೇಲೆ ಅದೇ ಅಂತರರಾಷ್ಟ್ರೀಯ ಸಂಸ್ಥೆಯಿಂದ 2004ರಲ್ಲಿ ಪ್ರಕಟವಾದ ಸಂಪುಟದಲ್ಲಿ ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ಕವಳವನ್ನೂ ‘ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ’ ಎಂಬ ಮೊದಲ ವರ್ಗಕ್ಕೆ ಸೇರಿಸಲಾಯಿತು.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮೊದಲ ವರ್ಗವೆಂದರೆ ಪುರಾವೆ ಗಟ್ಟಿಯಾಗಿದೆ ಎಂದು ಅರ್ಥ, ಅಪಾಯ ಎಷ್ಟು ಎಂದಲ್ಲ. ಊಟವಾದ ಮೇಲೆ ಒಂದು ಹೋಳು ಹಾಕಿಕೊಳ್ಳುವ ಅಜ್ಜನೂ, ಬೆಳಗಿನಿಂದ ರಾತ್ರಿಯವರೆಗೆ ಗುಟ್ಕಾ ಪೊಟ್ಟಣ ಹರಿಯುವ ಹುಡುಗನೂ ಒಂದೇ ಅಪಾಯದಲ್ಲಿಲ್ಲ. ಹಾಗೆಂದು ಅಜ್ಜನಿಗೆ ಅಪಾಯವೇ ಇಲ್ಲ ಎಂದು ನಾನು ಬರೆದುಕೊಡಲಾರೆ. ಬಾಯಿ ಉರಿ, ಕೆನ್ನೆಯ ಒಳಗೋಡೆ ಬಿಳುಚಿ ಗಟ್ಟಿಯಾಗುವುದು, ಬಾಯಿ ಮೂರು ಬೆರಳಗಲ ತೆರೆಯಲಾಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಜಗಿಯುವುದನ್ನು ನಿಲ್ಲಿಸಿ ದಂತವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ಗೋಬಿ ಮಂಚೂರಿಗೆ ಹಾಕುತ್ತಿದ್ದ ಬಣ್ಣ ಏಮ್ಸ್ ಪರೀಕ್ಷೆಯಲ್ಲಿ ಸೋತಿತ್ತೆಂದೇ ನಿಷೇಧಿಸಿದರೇ? (ಓದುಗರು, ಬೆಂಗಳೂರು)

ಇಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣ ನಿಷೇಧಿಸಿದಾಗ ಮುಖ್ಯವಾಗಿ ಸುದ್ದಿಯಾದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಮನುಷ್ಯರಲ್ಲಿ ಅದು ಕ್ಯಾನ್ಸರ್ ತರುತ್ತದೆಯೇ ಎಂಬುದನ್ನು ವರ್ಗೀಕರಿಸಲು ಅಂತರರಾಷ್ಟ್ರೀಯ ಸಂಸ್ಥೆಗೆ ಪುರಾವೆ ಸಾಕಾಗಿಲ್ಲ. ಆದರೆ ತಿನ್ನುವುದರಲ್ಲಿ ಹಾಕಲು ಅನುಮತಿಯೇ ಇಲ್ಲದ ವಸ್ತುವನ್ನು ತೆಗೆಸಲು ಕ್ಯಾನ್ಸರಿನ ಪುರಾವೆಗಾಗಿ ಕಾಯಬೇಕಾಗಿಲ್ಲ.

ಪ್ರಶ್ನೆ: ಏಮ್ಸ್ ಅವರಿಗೆ ಈ ಯೋಚನೆ ಚಿಪ್ಸ್ ಪೊಟ್ಟಣದಿಂದ ಬಂತು ಎಂದು ಯೂಟ್ಯೂಬಿನಲ್ಲಿ ಕೇಳಿದೆ. ಹೌದೇ? ಚಿಪ್ಸ್‌ನಲ್ಲಿ ಅವರಿಗೆ ಏನು ಸಿಕ್ಕಿತು? (ಒಂಬತ್ತನೆಯ ತರಗತಿ ವಿದ್ಯಾರ್ಥಿ, ದಾವಣಗೆರೆ)

ಹೌದು ಪುಟ್ಟ, 1964ರಲ್ಲಿ ಚಿಪ್ಸ್ ಪೊಟ್ಟಣದ ಮೇಲಿದ್ದ ಘಟಕಗಳ ಪಟ್ಟಿ ಓದುತ್ತ, ಇವು ವಂಶವಾಹಿಗಳಿಗೆ ಏನು ಮಾಡುತ್ತವೋ ಎಂದು ಯೋಚಿಸಿದ್ದೇ ಆರಂಭ ಎಂದು ಅವರೇ ಹೇಳಿಕೊಂಡಿದ್ದರು. ಚಿಪ್ಸ್‌ನಲ್ಲಿ ಸಿಕ್ಕಿದ್ದರ ಕಥೆ ಮಾತ್ರ ಅವರದಲ್ಲ, ಸ್ವೀಡನ್ ದೇಶದವರದು. 1997ರಲ್ಲಿ ಅಲ್ಲಿ ರೈಲು ಸುರಂಗವೊಂದನ್ನು ಕೊರೆಯುವಾಗ ನೀರು ಸೋರುವುದನ್ನು ತಡೆಯಲು ತುಂಬಿದ ಅಂಟಿನಿಂದ ಅಕ್ರಿಲಮೈಡ್ ಎಂಬ ರಾಸಾಯನಿಕ ಹಳ್ಳಕ್ಕೆ ಹರಿದು, ನೀರು ಕುಡಿದ ದನಗಳು ಕುಸಿದು ಬಿದ್ದವು. ಕೆಲಸಗಾರರ ರಕ್ತ ಪರೀಕ್ಷಿಸುವಾಗ, ಹೋಲಿಕೆಗೆಂದು ತೆಗೆದುಕೊಂಡ, ಸುರಂಗದ ಹತ್ತಿರವೂ ಸುಳಿಯದ ಜನರ ರಕ್ತದಲ್ಲೂ ಅದರ ಗುರುತು ಸಿಕ್ಕಿತು. ಎಲ್ಲಿಂದ ಬಂತೆಂದು ಹುಡುಕುತ್ತ ಹೋದವರು 2002ರಲ್ಲಿ ಬಂದು ನಿಂತದ್ದು ಕರಿದ ಆಲೂಗಡ್ಡೆಯ ಮುಂದೆ. ಆಲೂಗಡ್ಡೆಯಲ್ಲಿರುವ ಆಸ್ಪರಜಿನ್ ಎಂಬ ಅಮೈನೊ ಆಮ್ಲವೂ ಸಕ್ಕರೆಯೂ ಬಿಸಿ ಎಣ್ಣೆಯಲ್ಲಿ ಸೇರಿ ಅಕ್ರಿಲಮೈಡ್ ಆಗುತ್ತದೆ. ಹೊರಗಿನಿಂದ ಯಾರೂ ಹಾಕುವುದಿಲ್ಲವಾದ್ದರಿಂದ ಪೊಟ್ಟಣದ ಪಟ್ಟಿಯನ್ನು ಎಷ್ಟು ಓದಿದರೂ ಅದರ ಹೆಸರು ಸಿಗುತ್ತಿರಲಿಲ್ಲ.

ಇನ್ನೊಂದು ವಿಚಿತ್ರವೆಂದರೆ, ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಯಲ್ಲಿರುವ ಈ ಅಕ್ರಿಲಮೈಡ್ ಏಮ್ಸ್ ಪರೀಕ್ಷೆಯಲ್ಲಿ ಚುಕ್ಕೆ ಎಬ್ಬಿಸುವುದಿಲ್ಲ. ದೇಹದೊಳಗೆ ಅದನ್ನು ಗ್ಲೈಸಿಡಮೈಡ್ ಆಗಿ ಬದಲಾಯಿಸುವ ಕಿಣ್ವ, ಮೇಲೆ ಹಾಸನದ ಶಿಕ್ಷಕರಿಗೆ ವಿವರಿಸಿದ ಎಸ್9 ರಸದಲ್ಲಿ ಸಾಕಷ್ಟು ಇರುವುದಿಲ್ಲ. ಗ್ಲೈಸಿಡಮೈಡನ್ನೇ ನೇರವಾಗಿ ಹಾಕಿದರೆ ಚುಕ್ಕೆಗಳು ಬರುತ್ತವೆ. ಜನರ ಊಟದಲ್ಲಿರುವಷ್ಟು ಅಕ್ರಿಲಮೈಡ್ ಕ್ಯಾನ್ಸರ್ ತರುತ್ತದೆಯೇ ಎಂಬುದು ಮನುಷ್ಯರ ಅಧ್ಯಯನಗಳಲ್ಲಿ ಇನ್ನೂ ಖಚಿತವಾಗಿಲ್ಲ. ಆದ್ದರಿಂದ ಹೆದರಬೇಕಾಗಿಲ್ಲ, ಮನೆಯಲ್ಲಿ ಕರಿಯುವಾಗ ಕಂದು ಬಣ್ಣಕ್ಕೆ ಬಿಡದೆ ಹೊಂಬಣ್ಣಕ್ಕೇ ತೆಗೆಯಲು ಅಮ್ಮನಿಗೆ ಹೇಳು. ಬೇಯಿಸಿದ ಆಲೂಗಡ್ಡೆಯ ಪಲ್ಯದಲ್ಲಿ ಅದು ಹುಟ್ಟುವುದಿಲ್ಲ.